ಕತ್ತಲೆಯಲ್ಲಿ ಕೈಗಡಿಯಾರ

ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಶಾಲೆಗಳಲ್ಲಿ ಕಿಟಕಿಗಳಿಗೆ ಕರಿಯ ಬಟ್ಟೆ ಇಳಿಬಿಟ್ಟ ಕತ್ತಲೆಯ ಕೋಣೆಯೊಂದು ಇರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಪಾದರಸ ದೀಪದ ಬೆಳಕನ್ನು ಗ್ರೇಟಿಂಗಿನ ಮೂಲಕ ಹಾಯಿಸಿ, ರೋಹಿತದ ರೇಖೆಗಳು ಯಾವ ಯಾವ ಕೋನದಲ್ಲಿ ತೋರುತ್ತವೆಂಬುದನ್ನು ದೂರದರ್ಶಕದಿಂದ ಅಳೆಯುವ ಪ್ರಯೋಗ ಅಲ್ಲಿ ನಡೆಯುತ್ತದೆ. ಮೊದಲನೆಯ ಕ್ರಮಾಂಕದ ಹಸುರು, ಹಳದಿ ರೇಖೆಗಳು ಎಂಥವನ ಕಣ್ಣಿಗೂ ಬೀಳುತ್ತವೆ. ಎರಡನೆಯ ಕ್ರಮಾಂಕದ ನೇರಳೆ ರೇಖೆ ಮಾತ್ರ ಬಹು ಮಂದವಾದದ್ದು. ಅದನ್ನು ಹುಡುಕುವವನಿಗೆ ತಾಳ್ಮೆ ಬೇಕು. ಈಚೆಗೆ ನಮ್ಮ ವಿದ್ಯಾರ್ಥಿಯೊಬ್ಬನು ಈ ರೇಖೆಯನ್ನು ಮೂರು ಬಾರಿ ಕಂಡು, ಮೂರು ಬಾರಿಯೂ ಕಳೆದುಕೊಂಡು, ಉಪಕರಣವೇ ಸರಿಯಿಲ್ಲವೆಂದು ದೂರು ತಂದನು. ಉಪಕರಣದಲ್ಲಿ ದೋಷವಿರಲಿಲ್ಲ. ತಿರುಪನ್ನು ತಿರುಗಿಸಲು ಅವನು ಕೈಯೆತ್ತಿದಾಗಲೆಲ್ಲ ಮಣಿಕಟ್ಟಿನಲ್ಲಿದ್ದ ಸ್ಮಾರ್ಟ್ ವಾಚು, ಯಜಮಾನನು ಹೊತ್ತು ನೋಡಬಯಸಿದನೆಂದು ಬಗೆದು, ಝಗ್ಗನೆ ಬೆಳಗುತ್ತಿತ್ತು.

ಅದೇ ವಾರ ನಮ್ಮ ಹಿರಿಯ ಸಹೋದ್ಯೋಗಿಗಳೊಬ್ಬರು ಇದಕ್ಕೆ ತೀರ ವಿರುದ್ಧವಾದ ದೂರನ್ನು ಹೇಳಿದರು. ಐವತ್ತು ದಾಟಿದ ಅವರು, ಹಗಲಿನಲ್ಲಿ ಚೆನ್ನಾಗಿ ಓದಬರುವ ತಮ್ಮ ಸ್ಮಾರ್ಟ್ ವಾಚಿನ ಅಂಕೆಗಳು ರಾತ್ರಿ ಮಸುಕಾಗುತ್ತವೆಂದೂ, ಪ್ರಕಾಶ ಸಾಲದೆಂದೂ ಹೇಳಿದರು. ಒಬ್ಬನಿಗೆ ಬೆಳಕು ಹೆಚ್ಚಾಯಿತು, ಇನ್ನೊಬ್ಬರಿಗೆ ಕಡಮೆಯಾಯಿತು. ಗಡಿಯಾರಗಳೋ ಹೆಚ್ಚುಕಡಮೆ ಒಂದೇ ಬಗೆಯವು. ಈ ಎರಡು ದೂರುಗಳನ್ನು ಒಟ್ಟಿಗೆ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಅಳತೆಯ ಮಾತು. ಬೆಳಗುವ ಮೈಯೊಂದರ ಕಾಂತಿಯನ್ನು ನಾವು ನಿಟ್ ಎಂಬ ಮಾನದಿಂದ ಅಳೆಯುತ್ತೇವೆ. ಚದರ ಮೀಟರಿಗೆ ಒಂದು ಕ್ಯಾಂಡೆಲಾ ಎಂದರೆ ಒಂದು ನಿಟ್. ಮೇಲ್ಮೈಯೊಂದರ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ ಲಕ್ಸ್. ಇವೆರಡಕ್ಕೂ ಇರುವ ಸಂಬಂಧವನ್ನು ಬಿಳಿಯ ಕಾಗದದ ಉದಾಹರಣೆಯಿಂದ ತಿಳಿಯಬಹುದು. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80 ಅಂಶವನ್ನು ಎಲ್ಲ ಕಡೆಗೂ ಚೆದುರಿಸುವ ಕಾಗದದ ಕಾಂತಿಯನ್ನು ಪಡೆಯಲು, ಲಕ್ಸ್ ಸಂಖ್ಯೆಯನ್ನು 0.8 ರಿಂದ ಗುಣಿಸಿ 3.14 ರಿಂದ ಭಾಗಿಸಬೇಕು. ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್. ಆಗ ಕಾಗದದ ಕಾಂತಿ ಸುಮಾರು 25,000 ನಿಟ್. ಸಂಜೆ ದೀಪ ಹಚ್ಚಿದ ಮನೆಯ ಕೋಣೆಯಲ್ಲಿ 100 ಲಕ್ಸ್ ಇದ್ದರೆ ಅದೇ ಕಾಗದ 25 ನಿಟ್. ಹುಣ್ಣಿಮೆಯ ಬೆಳದಿಂಗಳು 0.2 ಲಕ್ಸ್ ಎಂದು ಹಿಡಿದರೆ ಕಾಗದಕ್ಕೆ ಉಳಿಯುವುದು 0.05 ನಿಟ್ ಮಾತ್ರ. ಬಿಸಿಲಿನ ಕಾಗದಕ್ಕೂ ಬೆಳದಿಂಗಳಿನ ಕಾಗದಕ್ಕೂ ಐದು ಲಕ್ಷ ಪಟ್ಟು ಅಂತರ! ಆದರೂ ಎರಡು ಕಡೆಗಳಲ್ಲಿಯೂ ಕಾಗದವು ನಮಗೆ ಬಿಳಿಯದಾಗಿಯೇ ತೋರುತ್ತದೆ.

ಇನ್ನು ಗಡಿಯಾರದ ಶಕ್ತಿಯನ್ನು ನೋಡೋಣ. ಆಪಲ್ ಕಂಪನಿ 2023 ರಲ್ಲಿ ಹೊರತಂದ ಸೀರೀಸ್ 9 ಎಂಬ ಗಡಿಯಾರದ ಪರದೆ ಹೆಚ್ಚೆಂದರೆ 2,000 ನಿಟ್, ಅದೇ ವರ್ಷದ ಅಲ್ಟ್ರಾ 2 ಎಂಬುದು 3,000 ನಿಟ್ ಬೆಳಗಬಲ್ಲದೆಂದು ತಯಾರಕರು ತಿಳಿಸಿದರು. ಜಾಹೀರಾತುಗಳಲ್ಲಿ ಎದ್ದುಕಂಡದ್ದು ಈ ಸಂಖ್ಯೆಗಳೇ. ನಮ್ಮ ದೃಷ್ಟಿಯಲ್ಲಿ ಹೆಚ್ಚು ಗಮನಾರ್ಹವಾದದ್ದು, ಕತ್ತಲೆಯಲ್ಲಿ ಆ ಪರದೆಗಳು 1 ನಿಟ್‌ನ ವರೆಗೆ ಇಳಿಯಬಲ್ಲವು ಎಂಬ ಇನ್ನೊಂದು ಸಾಲು. ಬಿಸಿಲಿನಲ್ಲಿ ಪರದೆ ಓದಬರದಿದ್ದರೆ ಮರದ ನೆರಳಿಗೆ ಹೋಗಬಹುದು. ರಾತ್ರಿ ಪರದೆ ಕಣ್ಣು ಕುಕ್ಕಿದರೆ ಹೋಗಲು ಎಡೆಯಿಲ್ಲ. ಆ 1 ನಿಟ್ ಕೂಡ ಬೆಳದಿಂಗಳಿನಲ್ಲಿಟ್ಟ ಬಿಳಿಯ ಕಾಗದದ ಇಪ್ಪತ್ತು ಪಟ್ಟು ಎಂಬುದನ್ನು ಮರೆಯಬಾರದು.

ಈ ವಿಸ್ತಾರವಾದ ಅಂತರವನ್ನು ಕಣ್ಣು ಹೇಗೆ ಸಹಿಸುತ್ತದೆ? ಪಾಪೆ ಹಿಗ್ಗಿ ಕುಗ್ಗುವುದರಿಂದ ಎಂದು ಸಾಮಾನ್ಯವಾಗಿ ಹೇಳುವರು. ಆದರೆ ಲೆಕ್ಕ ಅದನ್ನು ಒಪ್ಪುವುದಿಲ್ಲ. ಬಿಸಿಲಿನಲ್ಲಿ 2 ಮಿಲಿಮೀಟರ್ ಇದ್ದ ಪಾಪೆ ಕತ್ತಲೆಯಲ್ಲಿ 8 ಮಿಲಿಮೀಟರ್ ಆದರೂ ಒಳಕ್ಕೆ ಹೋಗುವ ಬೆಳಕು ಹದಿನಾರು ಪಟ್ಟು ಮಾತ್ರ ಹೆಚ್ಚುತ್ತದೆ. ಉಳಿದ ಕೆಲಸವೆಲ್ಲ ನಡೆಯುವುದು ಅಕ್ಷಿಪಟಲದಲ್ಲಿ. ಅಲ್ಲಿ ಬೆಳಕನ್ನು ಗ್ರಹಿಸುವ ಎರಡು ಬಗೆಯ ಕೋಶಗಳಿವೆ. ಶಂಕುಕೋಶಗಳು ಸುಮಾರು ಅರವತ್ತು ಲಕ್ಷ; ಹಗಲಿನ ಬಣ್ಣಗಳೂ ಅಕ್ಷರಗಳ ಸೂಕ್ಷ್ಮವೂ ಅವುಗಳ ಪಾಲು. ದಂಡಕೋಶಗಳು ಸುಮಾರು ಹನ್ನೆರಡು ಕೋಟಿ. ಅವಕ್ಕೆ ಬಣ್ಣದ ಅರಿವಿಲ್ಲ, ಸೂಕ್ಷ್ಮವೂ ತಿಳಿಯದು, ಆದರೆ ಅತ್ಯಲ್ಪ ಬೆಳಕನ್ನೂ ಬಿಡದೆ ಹಿಡಿಯುತ್ತವೆ. ದಂಡಕೋಶದಲ್ಲಿರುವ ರೊಡಾಪ್ಸಿನ್ ಎಂಬ ಕೆಂಬಣ್ಣದ ವಸ್ತು ಬೆಳಕು ತಗಲಿದೊಡನೆ ಬಿಳಿಚಿಹೋಗುವುದನ್ನು 1876 ರಲ್ಲಿ ಫ್ರಾಂಟ್ಸ್ ಬೋಲ್ ಎಂಬ ಜರ್ಮನ್ ವಿಜ್ಞಾನಿ ಕಪ್ಪೆಯ ಕಣ್ಣಿನಲ್ಲಿ ಕಂಡನು. ಬಿಳಿಚಿದ ವಸ್ತು ಕತ್ತಲೆಯಲ್ಲಿ ಮರಳಿ ಕೂಡಿಕೊಳ್ಳುತ್ತದೆ. ಅದಕ್ಕೆ ಎ ಜೀವಸತ್ತ್ವ ಬೇಕು. ಇದನ್ನು ಶೋಧಿಸಿದ ಜಾರ್ಜ್ ವಾಲ್ಡ್‌ಗೆ 1967 ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಎ ಜೀವಸತ್ತ್ವದ ಕೊರತೆಯಾದ ಮಕ್ಕಳಿಗೆ ಇರುಳುಗಣ್ಣು ಬರುವುದು ಈ ಕಾರಣದಿಂದಲೇ.

ಬಿಳಿಚುವುದಕ್ಕೆ ಕ್ಷಣ ಸಾಕು. ಕೂಡಿಕೊಳ್ಳುವುದಕ್ಕೆ ಕಾಲ ಬೇಕು. ಬೆಳಕಿನಿಂದ ಕತ್ತಲೆಗೆ ಬಂದವನ ಶಂಕುಕೋಶಗಳು ಹತ್ತು ನಿಮಿಷದೊಳಗೆ ತಮ್ಮ ಮಿತಿಯನ್ನು ಮುಟ್ಟುತ್ತವೆ. ದಂಡಕೋಶಗಳು ಪೂರ್ಣ ಸಿದ್ಧವಾಗಲು ಅರ್ಧ ಗಂಟೆಯೂ ಅದಕ್ಕಿಂತ ಹೆಚ್ಚೂ ಹಿಡಿಯುತ್ತದೆ. ಸಿನಿಮಾ ಮಂದಿರಕ್ಕೆ ತಡವಾಗಿ ಹೋಗಿ ಪರರ ಕಾಲು ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದನ್ನು ವಾಚಕರು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ರಾತ್ರಿ ಕೋಣೆಯ ದೀಪಗಳನ್ನೆಲ್ಲ ಆರಿಸಿ ಇಪ್ಪತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿರಿ. ಕಪಾಟು, ಕುರ್ಚಿ, ಬಾಗಿಲಿನ ಚೌಕಟ್ಟುಗಳು ಮೆಲ್ಲಮೆಲ್ಲನೆ ಕಾಣತೊಡಗುತ್ತವೆ. ಅನಂತರ ಒಂದು ಕಣ್ಣನ್ನು ಅಂಗೈಯಿಂದ ಭದ್ರವಾಗಿ ಮುಚ್ಚಿ, ಸ್ಮಾರ್ಟ್ ವಾಚಿನ ಪರದೆಯನ್ನು ಪೂರ್ಣ ಪ್ರಕಾಶಕ್ಕೆ ಏರಿಸಿ, ಇನ್ನೊಂದು ಕಣ್ಣಿನಿಂದ ಅರ್ಧ ನಿಮಿಷ ಅದನ್ನು ನೋಡಿ ಆರಿಸಿರಿ. ಈಗ ಕಣ್ಣುಗಳನ್ನು ಒಂದಾದ ಮೇಲೊಂದರಂತೆ ತೆರೆದು ಕೋಣೆಯನ್ನು ನೋಡಿದರೆ, ಗಡಿಯಾರವನ್ನು ಕಂಡ ಕಣ್ಣಿಗೆ ಎಲ್ಲವೂ ಕಾಡಿಗೆ. ಮುಚ್ಚಿದ್ದ ಕಣ್ಣಿಗೆ ಕಪಾಟು ಇದ್ದಲ್ಲಿಯೇ ಇದೆ. ಎರಡು ಕಣ್ಣುಗಳ ಹೊಂದಾಣಿಕೆಯೂ ಬೇರೆ ಬೇರೆಯಾಗಿ ನಡೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ನಾವು ಮೊದಲ ಸಲ ಇದನ್ನು ಮಾಡಿದಾಗ ಒಂದು ಕಣ್ಣು ಕುರುಡಾಯಿತೇನೋ ಎಂದು ಕ್ಷಣಕಾಲ ಗಾಬರಿಯಾದದ್ದುಂಟು.

ಮಣಿಕಟ್ಟಿನ ಸಣ್ಣ ಪರದೆಯಿಂದ ಕಣ್ಣಿಗೆ ಅಷ್ಟು ಬೆಳಕು ಬರುತ್ತದೆಯೆ ಎಂದು ಸಂದೇಹಪಡುವವರು ಲೆಕ್ಕ ಮಾಡಿ ನೋಡಬಹುದು. ಪರದೆಯ ಕಾಂತಿಯನ್ನು ಅದರ ವಿಸ್ತೀರ್ಣದಿಂದ ಗುಣಿಸಿ, ದೂರದ ವರ್ಗದಿಂದ ಭಾಗಿಸಿದರೆ ಕಣ್ಣಿನ ಮೇಲೆ ಬೀಳುವ ಲಕ್ಸ್ ದೊರೆಯುತ್ತದೆ. 4 ಸೆಂಟಿಮೀಟರ್ ವ್ಯಾಸದ ದುಂಡು ಪರದೆಯ ವಿಸ್ತೀರ್ಣ 0.00126 ಚದರ ಮೀಟರ್. ಅದನ್ನು 30 ಸೆಂಟಿಮೀಟರ್ ದೂರದಲ್ಲಿ ಹಿಡಿದಿರುವೆವೆಂದೂ, ಕಾಂತಿ 500 ನಿಟ್ ಎಂದೂ ಇಟ್ಟುಕೊಳ್ಳೋಣ. ಪರದೆಯೆಲ್ಲ ಬೆಳ್ಳಗಿದ್ದರೆ ಕಣ್ಣಿಗೆ 7 ಲಕ್ಸ್. ಕಪ್ಪು ಹಿನ್ನೆಲೆಯಲ್ಲಿ ಅಂಕೆ ಮುಳ್ಳುಗಳಷ್ಟೇ ಬೆಳಗಿ, ಹತ್ತರಲ್ಲೊಂದು ಪಾಲು ಮಾತ್ರ ಉರಿಯುತ್ತಿದ್ದರೂ 0.7 ಲಕ್ಸ್. ಇದು ಹುಣ್ಣಿಮೆಯ ಬೆಳದಿಂಗಳಿನ ಮೂರು ಪಟ್ಟಿಗಿಂತ ಹೆಚ್ಚು. ಆ ವಿದ್ಯಾರ್ಥಿಯು ಕೈಯೆತ್ತಿದಾಗಲೆಲ್ಲ ಅವನ ಕತ್ತಲೆಯ ಕೋಣೆಯಲ್ಲಿ ಮೂರು ಚಂದ್ರರು ಮೂಡಿ ಮುಳುಗುತ್ತಿದ್ದರು. ಅದೇ ಮುಖವನ್ನು 1 ನಿಟ್‌ಗೆ ಇಳಿಸಿದರೆ ಕಣ್ಣಿಗೆ 0.0014 ಲಕ್ಸ್ ಬೀಳುತ್ತದೆ. ಇದು ಚಂದ್ರನಿಲ್ಲದ ರಾತ್ರಿ ನಕ್ಷತ್ರಗಳಿಂದ ಬರುವ ಬೆಳಕಿಗೆ ಸಮೀಪವಾದದ್ದು.

ಹಾಗಾದರೆ ಇನ್ನೂ ಇಳಿಸಿ, ದಂಡಕೋಶಗಳಿಗೆ ಸರ್ವಥಾ ನೋವಾಗದಂತೆ ಮಾಡಬಾರದೇಕೆ? ಇಲ್ಲಿ ಒಂದು ತೊಡಕಿದೆ. ನಾವು ಓದುವುದು ಅಕ್ಷಿಪಟಲದ ನಡುವಣ ಸಣ್ಣ ಕುಳಿಯಿಂದ. ಆ ಕುಳಿಯಲ್ಲಿ ಒತ್ತೊತ್ತಾಗಿ ಶಂಕುಕೋಶಗಳಿವೆ, ದಂಡಕೋಶಗಳಿಲ್ಲ. ಶಂಕುಕೋಶಗಳಿಗೆ ಸಾಲದಷ್ಟು ಬೆಳಕು ಕಡಮೆಯಾದರೆ ನೇರವಾಗಿ ನೋಡಿದ ವಸ್ತುವೇ ಮಾಯವಾಗುತ್ತದೆ. ಮಂದವಾದ ನಕ್ಷತ್ರವನ್ನು ಓರೆನೋಟದಿಂದ ನೋಡಬೇಕೆಂದು ಆಕಾಶವೀಕ್ಷಕರು ಹೇಳುವುದೂ, ನಮ್ಮ ನೇರಳೆ ರೇಖೆ ದೃಷ್ಟಿಯನ್ನು ತುಸು ಓಸರಿಸಿದಾಗಲೇ ಕಾಣುವುದೂ ಇದರಿಂದ. ಆದರೆ ಓರೆನೋಟದಿಂದ ಅಕ್ಷರ ಓದಲಾಗುವುದಿಲ್ಲ. ಸುಮಾರು 3 ನಿಟ್‌ನಿಂದ ಕೆಳಕ್ಕೆ ಇಳಿದಂತೆ ಎರಡು ಬಗೆಯ ಕೋಶಗಳೂ ಕೂಡಿ ಕೆಲಸಮಾಡುವ ಮುಸ್ಸಂಜೆಯ ಪ್ರದೇಶ ಬರುತ್ತದೆ. ಅಲ್ಲಿ ದೃಷ್ಟಿಯ ಹರಿತ ಕುಗ್ಗುತ್ತ ಹೋಗುತ್ತದೆ. ಒಳ್ಳೆಯ ಬೆಳಕಿನಲ್ಲಿ ಆರೋಗ್ಯವಂತ ಕಣ್ಣು 30 ಸೆಂಟಿಮೀಟರ್ ದೂರದಲ್ಲಿ 0.44 ಮಿಲಿಮೀಟರ್ ಎತ್ತರದ ಅಕ್ಷರವನ್ನು ಹೇಗೋ ಗುರುತಿಸೀತು. ಮಂದ ಪರದೆಯಲ್ಲಿ ಅದರ ಹಲವು ಪಟ್ಟು ಎತ್ತರ ಬೇಕು. ಆದುದರಿಂದ ಪ್ರಕಾಶವನ್ನು ಇಳಿಸುವ ತಯಾರಕನು ಅಂಕೆಗಳನ್ನು ಹಿಗ್ಗಿಸತಕ್ಕದ್ದು. ಮಲಗುವ ಹೊತ್ತಿನಲ್ಲಿಯೂ ಹವೆ, ಹೆಜ್ಜೆಯೆಣಿಕೆ, ನಾಡಿಬಡಿತಗಳನ್ನೆಲ್ಲ ಸಾಸಿವೆಗಾತ್ರದ ಅಂಕೆಗಳಲ್ಲಿ ತೋರಿಸಿ, ಕಾಣುವುದಿಲ್ಲವೆಂದವರಿಗೆ ಪ್ರಕಾಶವನ್ನು ಹೆಚ್ಚಿಸಿಕೊಳ್ಳಿರೆಂದು ಹೇಳುವುದು ನ್ಯಾಯವಲ್ಲ.

ಹಿಂದಿನವರು ಇದನ್ನು ಅರಿತಿದ್ದರು. 20ನೆಯ ಶತಮಾನದ ಮೊದಲ ಭಾಗದ ರೇಡಿಯಂ ಗಡಿಯಾರಗಳಲ್ಲಿ ಸತುವಿನ ಸಲ್ಫೈಡಿಗೆ ರೇಡಿಯಂ ಬೆರೆಸಿದ ಬಣ್ಣವನ್ನು ದಪ್ಪ ಮುಳ್ಳುಗಳಿಗೂ ದೊಡ್ಡ ಅಂಕೆಗಳಿಗೂ ಬಳಿಯುತ್ತಿದ್ದರು. ಅದರ ಹಸುರು ಬೆಳಕು ಬಹಳ ಕ್ಷೀಣವಾದದ್ದು. ದೀಪ ಆರಿಸಿದ ತತ್‌ಕ್ಷಣ ಕಾಣದು, ನಡುರಾತ್ರಿ ಎಚ್ಚತ್ತವನಿಗೆ ಸ್ಪಷ್ಟವಾಗಿ ಕಾಣುವುದು. ಅದಕ್ಕಾಗಿ ತೆತ್ತ ಬೆಲೆ ಮಾತ್ರ ಘೋರವಾದದ್ದು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಊರಿನ ಕಾರ್ಖಾನೆಯಲ್ಲಿ ಕುಂಚದ ತುದಿಯನ್ನು ತುಟಿಗಳಿಂದ ಮೊನೆಮಾಡಿ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳ ದವಡೆಯೆಲುಬುಗಳು ಕೊಳೆತು, ಅನೇಕರು ಸತ್ತರು. ಅವರಲ್ಲಿ ಐವರು ಹೂಡಿದ ದಾವೆ 1928 ರಲ್ಲಿ ರಾಜಿಯಲ್ಲಿ ಮುಗಿಯಿತು. ಗಡಿಯಾರಗಳಲ್ಲಿ ರೇಡಿಯಂ ಬಳಕೆ ನಿಂತು ದಶಕಗಳು ಕಳೆದರೂ ಆ ಹೆಸರು ನಮ್ಮಲ್ಲಿ ಅಳಿದಿಲ್ಲ. ಲಾರಿಗಳ ಹಿಂಬದಿಗೆ ಅಂಟಿಸುವ ಹೊಳೆಯುವ ಪಟ್ಟಿಗಳನ್ನು ಇಂದಿಗೂ ರೇಡಿಯಂ ಎಂದೇ ಕರೆಯುತ್ತಾರೆ. ಅವುಗಳಲ್ಲಿ ರೇಡಿಯಮ್ಮಿನ ಸುಳಿವೂ ಇಲ್ಲ, ಸ್ವಂತ ಬೆಳಕೂ ಇಲ್ಲ.

ರೇಡಿಯಂ ಗಡಿಯಾರದ ಹಸುರು, ದಂಡಕೋಶಗಳಿಗೆ ಪ್ರಿಯವಾದ ಬಣ್ಣಕ್ಕೆ ಹತ್ತಿರದ್ದು. ಅವುಗಳ ಸಂವೇದನೆ 507 ನ್ಯಾನೊಮೀಟರ್ ತರಂಗಾಂತರದಲ್ಲಿ ಅತ್ಯಧಿಕ. ಹಗಲಿನ ದೃಷ್ಟಿಗೆ ಅದು 555. ಈ ವ್ಯತ್ಯಾಸವನ್ನು ಬೊಹಿಮಿಯದ ಪುರ್ಕಿನ್ಯೆ ಎಂಬ ಶರೀರವಿಜ್ಞಾನಿ ಹೂಗಳನ್ನು ನೋಡಿ ಕಂಡುಹಿಡಿದು 1825 ರಲ್ಲಿ ಪ್ರಕಟಿಸಿದನು. ಹಿತ್ತಿಲಲ್ಲಿ ದಾಸವಾಳದ ಗಿಡವಿದ್ದವರು ಇದನ್ನು ತಾವೇ ನೋಡಬಹುದು. ಹಗಲಿನಲ್ಲಿ ಎಲೆಗಿಂತ ಎದ್ದುಕಾಣುತ್ತಿದ್ದ ಕೆಂಪು ಹೂವು ಸಂಜೆ ಕವಿದಂತೆ ಕಪ್ಪಾಗಿ, ಎಲೆಗಳೇ ಹೂವಿಗಿಂತ ತಿಳಿಯಾಗಿ ತೋರುತ್ತವೆ.

ದಾಸವಾಳವನ್ನು ಕಪ್ಪಾಗಿಸುವ ಈ ದೌರ್ಬಲ್ಯದಲ್ಲಿಯೇ ನಮ್ಮ ತೊಡಕಿಗೆ ಪರಿಹಾರವೂ ಅಡಗಿದೆ. 620 ನ್ಯಾನೊಮೀಟರಿನ ಕೆಂಪು ಬೆಳಕಿಗೆ ಹಗಲಿನ ದೃಷ್ಟಿಯು ತನ್ನ ಗರಿಷ್ಠ ಸಂವೇದನೆಯಲ್ಲಿ ನೂರಕ್ಕೆ 38 ಅಂಶವನ್ನು ಉಳಿಸಿಕೊಂಡಿರುತ್ತದೆ. ದಂಡಕೋಶಗಳು ತಮ್ಮ ಗರಿಷ್ಠದಲ್ಲಿ ನೂರಕ್ಕೆ ಒಂದಂಶವನ್ನೂ ಉಳಿಸಿಕೊಂಡಿರುವುದಿಲ್ಲ. ಎಂದರೆ ಕೆಂಪು ಅಂಕೆಗಳನ್ನು ನಡುವಣ ಕುಳಿಯ ಶಂಕುಕೋಶಗಳು ಓದುತ್ತಿರುವಾಗ ಸುತ್ತಲಿನ ದಂಡಕೋಶಗಳು ಬಹುಮಟ್ಟಿಗೆ ಕದಡದೆ ಉಳಿಯುತ್ತವೆ. ಖಗೋಳವೀಕ್ಷಕರು ಕೆಂಪು ಟಾರ್ಚುಗಳನ್ನು ಬಳಸುವ ಮರ್ಮ ಇದೇ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕಗಳಿರುವ ಲಡಾಖಿನ ಹಾನ್ಲೆಯನ್ನು 2022 ರಲ್ಲಿ ಕತ್ತಲೆಯ ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅಂಥಲ್ಲಿ ಬಿಳಿಯ ಟಾರ್ಚು ಬೆಳಗಿಸಿದವನು ಎಲ್ಲರ ಅರ್ಧ ಗಂಟೆಯನ್ನು ಕಳೆದಂತೆ. 2022 ರ ಆಪಲ್ ಅಲ್ಟ್ರಾ ಗಡಿಯಾರದಲ್ಲಿ ಪಕ್ಕದ ಗುಂಡಿಯನ್ನು ತಿರುಗಿಸಿ ಮುಖವನ್ನೆಲ್ಲ ಕೆಂಪಾಗಿಸುವ ಏರ್ಪಾಡು ಬಂದದ್ದು ಈ ತತ್ತ್ವದ ಮೇಲೆಯೇ. ಒಂದು ಎಚ್ಚರಿಕೆ: ದಂಡಕೋಶಗಳು ಮೂಲತಃ ಬಹಳ ಸೂಕ್ಷ್ಮವಾದುದರಿಂದ, ಪ್ರಖರವಾದ ಕೆಂಪೂ ಅವನ್ನು ಕೆಡಿಸದೆ ಬಿಡದು. ಕೆಂಪಾಗಿರಬೇಕು, ಮಂದವಾಗಿಯೂ ಇರಬೇಕು.

ಪರದೆಯನ್ನು ಮಂದಮಾಡುವುದೂ ಸುಲಭವಲ್ಲ. ಇಂದಿನ ಬಹುಪಾಲು ಬೆಲೆಬಾಳುವ ಸ್ಮಾರ್ಟ್ ವಾಚುಗಳಲ್ಲಿರುವುದು ಓಎಲ್‌ಇಡಿ ಪರದೆ. ಅದರ ಒಂದೊಂದು ಬಿಂದುವೂ ತಾನೇ ಬೆಳಗುತ್ತದೆ, ಕಪ್ಪು ಬಿಂದು ಪೂರ್ತಿ ಆರಿರುತ್ತದೆ. ಬಿಂದುಗಳಿಗೆ ಕೊಡುವ ವಿದ್ಯುತ್ತನ್ನು ತೀರ ಇಳಿಸಿದರೆ ಅವುಗಳೊಳಗಿನ ಸಣ್ಣ ತಾರತಮ್ಯಗಳು ಹೊರಬಿದ್ದು, ಪರದೆ ಕಲೆಕಲೆಯಾಗಿ ತೋರುತ್ತದೆ. ಆದುದರಿಂದ ಅನೇಕ ತಯಾರಕರು ವಿದ್ಯುತ್ತನ್ನು ಉಳಿಸಿಕೊಂಡೇ ಬೆಳಕನ್ನು ಶೀಘ್ರವಾಗಿ ಹೊತ್ತಿಸಿ ಆರಿಸುತ್ತಾರೆ. ಕಾಲದ ಹತ್ತನೆಯ ಒಂದಂಶ ಮಾತ್ರ ಉರಿಯುವ ಬೆಳಕು ಕಣ್ಣಿಗೆ ಹತ್ತನೆಯ ಒಂದಂಶ ಕಾಂತಿಯ ನಿಲುಬೆಳಕಿನಂತೆಯೇ ಕಾಣುತ್ತದೆ. ಕತ್ತಲೆಯಲ್ಲಿ ಕೈಯನ್ನು ಬೀಸಿ ನೋಡಿರಿ: ಬೆಳಕಿನ ಗೆರೆ ಮಣಿಸರದಂತೆ ತುಂಡುತುಂಡಾಗಿದ್ದರೆ ನಿಮ್ಮ ಗಡಿಯಾರ ಈ ಬಗೆಯದು. ಸುತ್ತಲಿನ ಬೆಳಕನ್ನೇ ಪ್ರತಿಫಲಿಸಿ ತೋರುವ ಬೇರೊಂದು ಜಾತಿಯ ಪರದೆಗಳೂ ಉಂಟು. 2013 ರ ಪೆಬಲ್ ಗಡಿಯಾರ ಅಂಥದು. ಬಿಸಿಲಿನಲ್ಲಿ ಅವಕ್ಕೆ ಸಮಾನವಿಲ್ಲ. ಕತ್ತಲೆಯಲ್ಲಿ ಪ್ರತ್ಯೇಕ ದೀಪ ಹೊತ್ತಿಸಲೇಬೇಕು.

ಪ್ರಕಾಶವನ್ನು ಗಡಿಯಾರವೇ ಹೊಂದಿಸಿಕೊಳ್ಳುವುದಲ್ಲವೆ ಎಂದು ವಾಚಕರು ಕೇಳಬಹುದು. ಹೌದು, ಪರದೆಯ ಬಳಿ ಒಂದು ಚಿಕ್ಕ ಫೋಟೊಡಯೋಡು ಬೀಳುವ ಬೆಳಕನ್ನು ಅಳೆದು ಪ್ರಕಾಶವನ್ನು ಏರಿಸಿ ಇಳಿಸುತ್ತದೆ. ಉದ್ದ ತೋಳಿನ ಅಂಗಿ ಅದನ್ನು ಮುಚ್ಚಿದರೆ ನಡುಹಗಲನ್ನೂ ಅದು ರಾತ್ರಿಯೆಂದು ನಂಬುವುದು, ಅದೊಂದು ಸಣ್ಣ ಕೊರತೆ. ದೊಡ್ಡ ಕೊರತೆ ಬೇರೆಯಾಗಿದೆ. ಬೆಳಕಿನಿಂದ ಈಗತಾನೆ ಕತ್ತಲೆಯ ಕೋಣೆಗೆ ಬಂದವನೂ, ಅದೇ ಕೋಣೆಯಲ್ಲಿ ನಾಲ್ಕು ಗಂಟೆ ನಿದ್ರಿಸಿ ಎಚ್ಚತ್ತವನೂ ಫೋಟೊಡಯೋಡಿಗೆ ಒಂದೇ. ಕಣ್ಣುಗಳಿಗೆ ಅವರು ಒಂದೇ ಅಲ್ಲ. ಮೊದಲನೆಯವನಿಗೆ ಓದಲಾಗದ ಮಂದ ಪರದೆ ಎರಡನೆಯವನ ಕಣ್ಣು ಕುಕ್ಕುತ್ತದೆ. ಕತ್ತಲೆ ಎಷ್ಟಿದೆ ಎಂಬುದನ್ನು ಈ ಸಾಧನ ಅಳೆಯಬಲ್ಲದು, ಕತ್ತಲೆಯಲ್ಲಿ ಎಷ್ಟು ಹೊತ್ತು ಕಳೆಯಿತೆಂಬುದನ್ನು ತಾನಾಗಿ ಹೇಳಲಾರದು. ಹೊತ್ತನ್ನು ಎಣಿಸುವುದೇ ಕಸುಬಾದ ಯಂತ್ರಕ್ಕೆ ಆ ಲೆಕ್ಕವನ್ನೂ ಕಲಿಸುವುದು ಅಸಾಧ್ಯವೇನಲ್ಲವೆಂದು ನಮಗೆ ತೋರುತ್ತದೆ.

ಇನ್ನು ಹಿರಿಯರ ದೂರು. ನಲವತ್ತು ದಾಟಿದವರ ಕಣ್ಣಿನ ಮಸೂರ ಬಿಗಿಯಾಗಿ, ಹತ್ತಿರದ ವಸ್ತು ನಾಭಿಗೆ ಬರುವುದಿಲ್ಲ. ಹಗಲಿನಲ್ಲಿ ಪಾಪೆ ಕಿರಿದಾಗಿರುವುದರಿಂದ, ಸೂಜಿರಂಧ್ರದ ಕ್ಯಾಮರಾದಂತೆ, ಆ ದೋಷ ಮರೆಯಾಗುತ್ತದೆ. ಒಂದು ಡಯಾಪ್ಟರಿನಷ್ಟು ಕೊರತೆಯಿರುವ ಕಣ್ಣನ್ನು ತೆಗೆದುಕೊಳ್ಳೋಣ. ಪಾಪೆ 2.5 ಮಿಲಿಮೀಟರ್ ಇದ್ದಾಗ 30 ಸೆಂಟಿಮೀಟರ್ ದೂರದ ಪರದೆಯ ಒಂದೊಂದು ಬಿಂದುವೂ 0.75 ಮಿಲಿಮೀಟರ್ ಅಗಲದ ಬಿಲ್ಲೆಯಂತೆ ಹರಡಿ ಕಾಣುತ್ತದೆ. ರಾತ್ರಿ ಪಾಪೆ 5 ಮಿಲಿಮೀಟರ್ ಆದಾಗ ಬಿಲ್ಲೆ 1.5 ಮಿಲಿಮೀಟರ್. ಇದರಿಂದ 3 ಮಿಲಿಮೀಟರ್ ಎತ್ತರದ 8 ಎಂಬ ಅಂಕೆ ಬರಿಯ ಮುದ್ದೆಯಾಗುವುದು. ಇದರ ಜೊತೆಗೆ ಅರವತ್ತರ ವಯಸ್ಸಿನವರ ಅಕ್ಷಿಪಟಲಕ್ಕೆ ಮುಟ್ಟುವ ಬೆಳಕು ಇಪ್ಪತ್ತರವರದರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಪ್ರಕಾಶವನ್ನು ಏರಿಸಿದರೆ ಪಾಪೆ ಕುಗ್ಗಿ ಅಂಕೆ ತುಸು ತಿಳಿಯಾಗುವುದು ನಿಜ; ಅದರೊಡನೆ ನಿದ್ರೆಯೂ ಕತ್ತಲೆಯ ಹೊಂದಾಣಿಕೆಯೂ ಹೋಗುವುದು. ನಮ್ಮ ಸಹೋದ್ಯೋಗಿಗಳು ಮುಖವನ್ನು ಬದಲಿಸಿ, ಗಂಟೆ ನಿಮಿಷಗಳನ್ನು ಮಾತ್ರ ಪರದೆ ತುಂಬುವಷ್ಟು ದೊಡ್ಡದಾಗಿ ಇರಿಸಿಕೊಂಡರು. ಪ್ರಕಾಶವನ್ನು ಏರಿಸುವ ಅಗತ್ಯ ಬೀಳಲಿಲ್ಲ. ಕನ್ನಡಕವನ್ನು ದಿಂಬಿನ ಬಳಿ ಇಟ್ಟುಕೊಳ್ಳಬೇಕೆಂಬ ನಮ್ಮ ಇನ್ನೊಂದು ಸಲಹೆಯನ್ನು ಅವರು ಒಪ್ಪಲಿಲ್ಲ.

ವಿದ್ಯಾರ್ಥಿಯ ವಿಷಯದಲ್ಲಿ ನಮ್ಮ ತಪ್ಪೂ ಇತ್ತೆಂದು ಹೇಳಬೇಕು. ಅವನ ಗಡಿಯಾರವನ್ನು ದೂರಿದ ಮೇಲೆ ಗಮನಿಸಿದರೆ, ವರ್ನಿಯರ್ ಓದಲು ನಾವೇ ಕೊಟ್ಟಿದ್ದ ಟಾರ್ಚು ಬಿಳಿಯ ಬೆಳಕಿನದು. ವರ್ಷಗಳಿಂದ ಅದೇ ನಡೆದುಬಂದಿತ್ತು. ಈಗ ಅದರ ಬಾಯಿಗೆ, ನಾಟಕದವರು ದೀಪಗಳಿಗೆ ಕಟ್ಟುವ ಕೆಂಪು ಜಿಲೇಟಿನ್ ಕಾಗದವನ್ನು ಎರಡು ಪದರ ಸುತ್ತಿದ್ದೇವೆ. ಹುಡುಗನು ಗಡಿಯಾರವನ್ನು ಬಿಚ್ಚಿ ಚೀಲದಲ್ಲಿಟ್ಟು, ಕತ್ತಲೆಯಲ್ಲಿ ಇಪ್ಪತ್ತು ನಿಮಿಷ ಕುಳಿತ ಮೇಲೆ ನೇರಳೆ ರೇಖೆ ನಾಲ್ಕನೆಯ ಬಾರಿ ಸಿಕ್ಕಿತು, ಮತ್ತೆ ತಪ್ಪಿಸಿಕೊಳ್ಳಲಿಲ್ಲ. ಆ ಇಪ್ಪತ್ತು ನಿಮಿಷಗಳಲ್ಲಿ, ಹೊತ್ತೆಷ್ಟಾಯಿತೆಂದು ಅವನು ಎರಡು ಸಲ ನಮ್ಮನ್ನೇ ಕೇಳಿದನು.